ಮುರಿದ ದವಡೆ ಹಲ್ಲು: ಉಳಿಸೋದಾ, ಕೀಳಿಸೋದಾ?

ದವಡೆ ಹಲ್ಲಿನ ಒಂದು ಪಕ್ಕ ಮುರಿದಿದೆ, ಮೊದಲು ನೋವಿತ್ತು, ಈಗ ಇಲ್ಲ. ಒಬ್ಬ ಡಾಕ್ಟರು ಒಳಗಿನ ನರ ತೆಗೆದು ಹಲ್ಲು ಉಳಿಸುವ ರೂಟ್ ಕೆನಾಲ್ ಅಂದರು, ಇನ್ನೊಬ್ಬರು ಕೀಳಿಸಿಬಿಡಿ ಅಂದರು. ಕೀಳಿಸಿದರೆ ಒಂದೇ ಸಲಕ್ಕೆ ಮುಗಿಯುತ್ತೆ ಅಲ್ವಾ ಅಂತ ಕೇಳಿದ್ದೀರಿ. ಮುಗಿಯಲ್ಲ. ನಾನು ಒಂದೇ ಹಲ್ಲನ್ನು ಮೊದಲು ಉಳಿಸಿಕೊಂಡು, ಆಮೇಲೆ ಕೀಳಿಸಿಕೊಂಡವನು. ಎರಡೂ ದಾರಿ ಗೊತ್ತು.

ನನ್ನದು ಕೆಳಗಿನ ಸಾಲಿನ ಮೊದಲ ದವಡೆ ಹಲ್ಲು. ಅದು ಸುಮಾರು 6 ವರ್ಷಕ್ಕೇ ಹುಟ್ಟುತ್ತದೆ. ಯಾವ ಹಾಲುಹಲ್ಲೂ ಬೀಳದೆ, ಅವುಗಳ ಹಿಂದೆ ಸದ್ದಿಲ್ಲದೆ ಬರುವುದರಿಂದ ಅದೂ ಬಿದ್ದುಹೋಗುವ ಹಲ್ಲೇ ಅಂತ ಎಷ್ಟೋ ತಂದೆತಾಯಂದಿರು ಅಂದುಕೊಂಡಿರುತ್ತಾರೆ. ನನ್ನದಕ್ಕೆ ಚಿಕ್ಕಂದಿನಲ್ಲೇ ದೊಡ್ಡ ಫಿಲ್ಲಿಂಗ್ ಆಗಿತ್ತು. ವರ್ಷಗಳ ಮೇಲೆ ಆ ಫಿಲ್ಲಿಂಗ್ ಪಕ್ಕದ ಗೋಡೆ ಮುರಿದುಹೋಯಿತು. ಮೊದಮೊದಲು ತಣ್ಣೀರು ತಾಗಿದರೆ ಜುಮ್ ಅನ್ನುತ್ತಿತ್ತು. ಆಮೇಲೆ ಬಿಸಿ ತಾಗಿದರೆ ನೋವು ಶುರುವಾಗಿ, ಎಷ್ಟೋ ಹೊತ್ತು ನಿಲ್ಲುತ್ತಲೇ ಇರಲಿಲ್ಲ. ರಾತ್ರಿ ಮಲಗಿದರೆ ಇನ್ನೂ ಜಾಸ್ತಿ. ಮಾತ್ರೆ ನುಂಗುತ್ತಾ ದಿನ ತಳ್ಳಿದೆ. ಕೊನೆಗೆ ನೋವು ತಾನಾಗಿ ನಿಂತಿತು. ಪೀಡೆ ತೊಲಗಿತು ಅಂದುಕೊಂಡೆ.

ಅದಕ್ಕೇ ನಿಮ್ಮ 'ಈಗ ನೋವಿಲ್ಲ' ಅನ್ನುವ ಮಾತು ಓದಿ ನನಗೆ ಸಮಾಧಾನ ಆಗಲಿಲ್ಲ. ಹಾಗೆ ಕಾಡಿದ ನೋವು ಚಿಕಿತ್ಸೆ ಇಲ್ಲದೆ ತಾನೇ ನಿಂತರೆ, ಬಹಳ ಸಲ ಒಳಗಿನ ನರ ಸತ್ತಿದೆ ಅಂತಲೇ ಅರ್ಥ. ಸತ್ತದ್ದು ಅಲ್ಲೇ ಕೊಳೆಯುತ್ತದೆ. ಬ್ಯಾಕ್ಟೀರಿಯಾ ಬೇರಿನ ತುದಿಯ ಸಣ್ಣ ತೂತಿನಿಂದ ಮೂಳೆಯ ಕಡೆಗೆ ಇಳಿಯುತ್ತದೆ. ನನಗೆ ಸ್ವಲ್ಪ ತಿಂಗಳಾದ ಮೇಲೆ ವಸಡಿನಲ್ಲಿ ಒಂದು ಗುಳ್ಳೆ ಎದ್ದಿತು. ಒತ್ತಿದರೆ ಕೀವು ಬರುತ್ತಿತ್ತು, ನೋವು ಮಾತ್ರ ಇಲ್ಲ. ಕೀವಿಗೆ ಹೊರಗೆ ಹೋಗಲು ದಾರಿ ಸಿಕ್ಕಿದರೆ ಒಳಗೆ ಒತ್ತಡ ಕಟ್ಟುವುದಿಲ್ಲ, ಅದಕ್ಕೆ ನೋವಿಲ್ಲ ಅಷ್ಟೇ. ಆಂಟಿಬಯೋಟಿಕ್ ತಗೊಂಡರೆ ಗುಳ್ಳೆ ಇಳಿಯುತ್ತದೆ, ಮತ್ತೆ ಬರುತ್ತದೆ. ಔಷಧಿ ರಕ್ತದ ಮೂಲಕ ತಾನೇ ಹೋಗಬೇಕು? ಸತ್ತ ನರದೊಳಗೆ ರಕ್ತ ಎಲ್ಲಿ ಹರಿಯುತ್ತದೆ?

ಆಗ ರೂಟ್ ಕೆನಾಲ್ ಮಾಡಿಸಿಕೊಂಡೆ. ಅದರ ಬಗ್ಗೆ ಜನ ಹೆದರಿಸುವಷ್ಟು ಏನೂ ಇಲ್ಲ. ಇಂಜೆಕ್ಷನ್ ಕೊಟ್ಟು ಮರಗಟ್ಟಿಸುತ್ತಾರೆ, ಎಂಜಲು ತಾಗದ ಹಾಗೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟುತ್ತಾರೆ, ಸೂಜಿಯಂಥ ಫೈಲ್‌ಗಳಿಂದ ಬೇರಿನ ಕಾಲುವೆಗಳನ್ನು ಕೆರೆದು, ಔಷಧಿಯಿಂದ ತೊಳೆದು, ಗಟ್ಟಾಪರ್ಚಾ ಅನ್ನುವ ರಬ್ಬರಿನಂಥದ್ದನ್ನು ತುಂಬುತ್ತಾರೆ. ಬಾಯಿ ತೆರೆದು ತೆರೆದು ದವಡೆ ಸೋತಿತು, ಅದೇ ದೊಡ್ಡ ಕಷ್ಟ. ಗುಳ್ಳೆ ಒಣಗಿತು. ಮೇಲೆ ಫಿಲ್ಲಿಂಗ್ ಹಾಕಿ, 'ಇದಕ್ಕೆ ಬೇಗ ಕ್ಯಾಪ್ ಹಾಕಿಸಿಕೊಳ್ಳಿ, ತಡ ಮಾಡಬೇಡಿ' ಅಂದರು. ಕ್ಯಾಪ್ ಅಂದರೆ ಹಲ್ಲನ್ನು ಮೇಲಿನಿಂದ ಪೂರ್ತಿ ಮುಚ್ಚುವ ಗಟ್ಟಿ ಕವಚ. ಆಯ್ತು ಅಂದು ಬಂದೆ.

ಕ್ಯಾಪ್ ಹಾಕಿಸಿಕೊಳ್ಳಲಿಲ್ಲ. ನನ್ನ ಹಲ್ಲು ಹೋದದ್ದು ಇದೊಂದರಿಂದ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ನೋಡಿ, ಯಾಕೆ ಹಾಕಿಸಲಿಲ್ಲ ಅಂದರೆ, ನೋವಿರಲಿಲ್ಲ. ಕನ್ನಡಿಯಲ್ಲಿ ಹಲ್ಲು ಪೂರ್ತಿ ಇದ್ದ ಹಾಗೇ ಕಾಣುತ್ತಿತ್ತು. ರೂಟ್ ಕೆನಾಲ್ ಅನ್ನೋದೇ ಚಿಕಿತ್ಸೆ, ಕ್ಯಾಪ್ ಅನ್ನೋದು ಅಂದಕ್ಕೆ ಅಂತ ನನ್ನ ತಲೆಯಲ್ಲಿತ್ತು. ಹಿಂದಿನ ಹಲ್ಲು, ಯಾರು ನೋಡುತ್ತಾರೆ? ಮೇಲಾಗಿ ಖರ್ಚು. ಒಂದು ದೊಡ್ಡ ಖರ್ಚು ಮಾಡಿ ಮುಗಿಸಿದವನಿಗೆ ಇನ್ನೊಂದನ್ನು ಮುಂದಕ್ಕೆ ಹಾಕುವುದು ಬಹಳ ಸುಲಭ. 'ಮುಂದಿನ ತಿಂಗಳು' ಅಂತ ಹೇಳಿಕೊಂಡೆ. ಆ ಮುಂದಿನ ತಿಂಗಳು ಪ್ರತಿ ತಿಂಗಳೂ ಬರುತ್ತಿತ್ತು.

ಈಗ ಆ ಹಲ್ಲಿನ ಸ್ಥಿತಿ ಯೋಚಿಸಿ. ಹುಳುಕು ಮೊದಲೇ ನಡುವಿನ ಭಾಗ ತಿಂದಿತ್ತು. ಹಳೆಯ ಫಿಲ್ಲಿಂಗಿಗೆ ಒಂದಷ್ಟು ಕೊರೆದಿದ್ದರು. ಒಂದು ಗೋಡೆ ಮುರಿದಿತ್ತು. ಕಾಲುವೆಗೆ ಇಳಿಯಲು ಈಗ ಮೇಲಿನ ಚಾವಣಿಯನ್ನೂ ತೆಗೆದರು. ಉಳಿದದ್ದು ಒಂದಕ್ಕೊಂದು ಆಸರೆ ಇಲ್ಲದ ಗೋಡೆಗಳು. ಒಳಗೆ ಫಿಲ್ಲಿಂಗ್ ಇದೆ ನಿಜ, ಆದರೆ ಅದು ಜಾಗ ತುಂಬುತ್ತದೆಯೇ ಹೊರತು ಗೋಡೆಗಳನ್ನು ಹೊರಗಿನಿಂದ ಹಿಡಿದುಕೊಳ್ಳುವುದಿಲ್ಲ. ಪ್ರತಿ ಸಲ ಅಗಿದಾಗಲೂ ಮೇಲಿನ ಹಲ್ಲಿನ ಮೊನೆ ನಡುವೆ ಬಂದು ಕೂತು ಗೋಡೆಗಳನ್ನು ಆಚೀಚೆ ದೂಡುತ್ತದೆ. ಕೂದಲೆಳೆಯಷ್ಟೂ ಇಲ್ಲದ ಅಲುಗಾಟ, ನಮಗೆ ಗೊತ್ತೇ ಆಗುವುದಿಲ್ಲ. ನರ ಇಲ್ಲದ ಕಾರಣ ಹಲ್ಲಿನ ಒಳಗಿಂದ ಎಚ್ಚರಿಕೆಯೂ ಬರುವುದಿಲ್ಲ. ಮರದ ಚಕ್ರದ ಸುತ್ತ ಕಬ್ಬಿಣದ ಪಟ್ಟಿ ಬಿಗಿದ ಹಾಗೆ ಕ್ಯಾಪ್ ಹಲ್ಲನ್ನು ಸುತ್ತಲಿಂದ ಹಿಡಿಯುತ್ತದೆ. ಅಗಿಯುವ ಒತ್ತಡ ಆಗ ಸೀಳುವ ಕಡೆ ಹೋಗದೆ ಬೇರಿನ ಕಡೆಗೆ ಇಳಿಯುತ್ತದೆ.

ರೂಟ್ ಕೆನಾಲ್ ಆದ ಹಲ್ಲು ಒಣಗಿ ಪೊಳ್ಳಾಗಿ ಮುರಿಯುತ್ತದೆ ಅಂತ ಹೇಳುವವರಿದ್ದಾರೆ. ಮುಖ್ಯ ಕಾರಣ ಅದಲ್ಲ. ಕಳೆದುಹೋದ ಭಾಗ ಎಷ್ಟು ಅನ್ನುವುದೇ ಮುಖ್ಯ. ಮುಂದಿನ ಹಲ್ಲಿಗೆ ಹಿಂದೆ ಸಣ್ಣ ತೂತು ಮಾಡಿ ರೂಟ್ ಕೆನಾಲ್ ಮಾಡಿದ್ದರೆ, ಉಳಿದ ಹಲ್ಲು ಗಟ್ಟಿಯಿದ್ದರೆ, ಕ್ಯಾಪ್ ಇಲ್ಲದೆಯೂ ನಡೆಯಬಹುದು. ದವಡೆ ಹಲ್ಲಿನ ಕಥೆ ಬೇರೆ. ಅಗಿಯುವ ಭಾರವೆಲ್ಲ ಅಲ್ಲೇ.

ಕ್ಯಾಪಿನದು ಇನ್ನೊಂದು ಕೆಲಸವೂ ಇದೆ. ಮೇಲಿನ ಫಿಲ್ಲಿಂಗ್ ಅಂಚಿನಲ್ಲಿ ಸವೆದರೆ ಎಂಜಲು ಒಳಗೆ ಇಳಿಯುತ್ತದೆ, ಬ್ಯಾಕ್ಟೀರಿಯಾ ಮತ್ತೆ ಕಾಲುವೆ ಸೇರುತ್ತದೆ, ಮಾಡಿದ ರೂಟ್ ಕೆನಾಲ್ ಕೆಡುತ್ತದೆ. ತಾತ್ಕಾಲಿಕ ಸಿಮೆಂಟ್ ಆದರಂತೂ ಕೆಲವು ವಾರಗಳ ಮಾತು. ನನ್ನದು ಅಷ್ಟು ದೂರ ಹೋಗಲೇ ಇಲ್ಲ, ಅದಕ್ಕೆ ಮೊದಲೇ ಸೀಳಿತು.

ಸೀಳಿದ್ದು ಗಟ್ಟಿಯಾದದ್ದನ್ನು ಕಡಿದಾಗಲೂ ಅಲ್ಲ. ಮೆತ್ತಗಿನ ತುತ್ತು. ಟಕ್ ಅಂತ ಸದ್ದು ಕಿವಿಯ ಒಳಗೆ ಕೇಳಿಸಿತು. ಆಮೇಲೆ ಕಚ್ಚಿದಾಗೆಲ್ಲ ವಸಡಿನ ಹತ್ತಿರ ಚುಚ್ಚುತ್ತಿತ್ತು. ಡಾಕ್ಟರು ನಾಲಗೆ ಕಡೆಯ ಅರ್ಧವನ್ನು ಅಲುಗಾಡಿಸಿದರು, ಅದೊಂದೇ ಅಲುಗಿತು. ಕೆನ್ನೆ ಕಡೆಯದು ಅಲುಗಲಿಲ್ಲ. ಆಮೇಲೆ ಹಲ್ಲಿಗೂ ವಸಡಿಗೂ ನಡುವೆ ಆಳ ನೋಡುವ ಸಣ್ಣ ಅಳತೆ ಕಡ್ಡಿ ಇಳಿಸಿದರು. ಅದು ಸುತ್ತಲೂ ಮೇಲೆಯೇ ನಿಂತು, ಒಂದೇ ಒಂದು ಕಡೆ ಸರ್ ಅಂತ ಆಳಕ್ಕೆ ಇಳಿಯಿತು. ಬಿರುಕು ಬೇರಿನವರೆಗೆ ಹೋಗಿದೆ ಅನ್ನುವುದಕ್ಕೆ ಅದೇ ಗುರುತು. ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ, ಹಲ್ಲು ಕೂಡಿಕೊಳ್ಳುವುದಿಲ್ಲ. ಬಿರುಕು ಓರೆಯಾಗಿ ಹೋಗಿ ವಸಡಿನ ಮೇಲೆಯೇ ಒಂದು ಚೂರು ಕಳಚಿದ್ದರೆ ಆಗಲೂ ಕ್ಯಾಪ್ ಹಾಕಬಹುದಿತ್ತು. ನನ್ನದು ನೇರ ಕೆಳಗೆ ಇಳಿದಿತ್ತು. ರೂಟ್ ಕೆನಾಲಿನ ಖರ್ಚು, ಕುರ್ಚಿಯಲ್ಲಿ ಕೂತ ಹೊತ್ತು, ಎಲ್ಲಾ ನೀರಿನಲ್ಲಿ ಹೋಮ. ಬೇರುಗಳನ್ನು ಬೇರೆ ಬೇರೆ ಮಾಡಿ ಕಿತ್ತರು.

ಇನ್ನು 'ಕೀಳಿಸಿದರೆ ಮುಗಿಯುತ್ತೆ' ಅನ್ನೋದಕ್ಕೆ ಬರುತ್ತೇನೆ. ಕೀಳುವುದು ನಿಜಕ್ಕೂ ಬೇಗ ಆಗುತ್ತದೆ. ಗಾಯದಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಬರದ ಹಾಗೆ ನೋಡಿಕೊಂಡರೆ ಸಾಕು. ಮೊದಲ ದಿನ ಜೋರಾಗಿ ಮುಕ್ಕಳಿಸಬಾರದು, ಸ್ಟ್ರಾದಲ್ಲಿ ಹೀರಬಾರದು, ಸಿಗರೇಟಂತೂ ಬೇಡವೇ ಬೇಡ. ತೊಂದರೆ ಆಮೇಲಿನದು. ಬೇರು ಹೋದ ಜಾಗದ ಮೂಳೆ ಕರಗತೊಡಗುತ್ತದೆ, ಅದರಲ್ಲೂ ಮೊದಲ ವರ್ಷ ಜಾಸ್ತಿ. ಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲಬಹುದು. ಎದುರಿನ ಸಾಲಿನ ಹಲ್ಲು ತಡೆಯುವವರಿಲ್ಲದೆ ಇಳಿದು ಬರಬಹುದು. ಹಾಗಾಗಿ ಖಾಲಿ ಜಾಗಕ್ಕೆ ಏನು ಅಂತ ಯೋಚಿಸಲೇಬೇಕು. ಬ್ರಿಡ್ಜ್, ಅಂದರೆ ಆಚೀಚಿನ ಹಲ್ಲುಗಳ ಆಸರೆಯಲ್ಲಿ ನಡುವೆ ಕೂರಿಸುವ ಕಟ್ಟು ಹಲ್ಲು, ಹಾಕಿಸಿದರೆ ಆ ಹಲ್ಲುಗಳನ್ನು ಸಾಮಾನ್ಯವಾಗಿ ಉಜ್ಜಿ ಸಣ್ಣ ಮಾಡಬೇಕು. ಅವು ಚೆನ್ನಾಗಿದ್ದರೆ ನನಗೆ ಅದು ಅನ್ಯಾಯ ಅನ್ನಿಸುತ್ತದೆ. ತೆಗೆದು ಹಾಕುವ ಹಲ್ಲು ಕಡಿಮೆ ಖರ್ಚಿನದು, ಆದರೆ ದಿನಾ ತೆಗೆದು ತೊಳೆಯುವ ಕಿರಿಕಿರಿ. ನಾನು ಇಂಪ್ಲಾಂಟ್ ಹಾಕಿಸಿಕೊಂಡೆ. ಟೈಟಾನಿಯಂ ತಿರುಪು ಮೂಳೆಗೆ ಕೂಡಿಕೊಳ್ಳಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಕಾಯಬೇಕು, ಆಮೇಲೆ ಅದಕ್ಕೂ ಒಂದು ಕ್ಯಾಪ್! ತಪ್ಪಿಸಿಕೊಂಡು ಓಡಿದ ಕ್ಯಾಪೇ ಮತ್ತೆ ಎದುರಿಗೆ ಬಂತು, ಈ ಸಲ ತಿರುಪಿನ ಖರ್ಚೂ ಸೇರಿಸಿಕೊಂಡು.

ಇಂಪ್ಲಾಂಟ್ ಚೆನ್ನಾಗಿಯೇ ಇದೆ, ದೂರೇನಿಲ್ಲ. ಆದರೆ ನಿಜವಾದ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ತೆಳುವಾದ ನಾರಿನ ಪದರ ಇರುತ್ತದೆ. ಎಷ್ಟು ಗಟ್ಟಿಯಾಗಿ ಕಚ್ಚುತ್ತಿದ್ದೇವೆ ಅಂತ ತಿಳಿಯುವುದು ಬಹುಪಾಲು ಅದರಿಂದಲೇ. ರೂಟ್ ಕೆನಾಲ್ ಆದ ಹಲ್ಲಿಗೂ ಅದು ಇರುತ್ತದೆ. ತಿರುಪಿಗೆ ಇಲ್ಲ. ಆ ಕಡೆ ಅಗಿಯುವಾಗ ಏನೋ ಒಂದು ಕಮ್ಮಿ.

ಹಾಗಾದರೆ ಉಳಿಸಿ ಅಂತೀರಾ ಅಂದರೆ, ಅದನ್ನೂ ಕಣ್ಣು ಮುಚ್ಚಿ ಹೇಳಲಾರೆ. ನಿಮ್ಮ ಇಬ್ಬರು ಡಾಕ್ಟರೂ ಇನ್ನೂ ಹಲ್ಲಿನ ಒಳಗೆ ನೋಡಿಲ್ಲ ಅನ್ನುವುದು ನನ್ನ ಊಹೆ. ಅದಕ್ಕೇ ಅಭಿಪ್ರಾಯ ಎರಡಾಗಿದೆ. ಹುಳುಕು, ಹಳೆ ಫಿಲ್ಲಿಂಗ್ ಪೂರ್ತಿ ತೆಗೆಯದೆ ಗಟ್ಟಿ ಹಲ್ಲು ಎಷ್ಟು ಉಳಿದಿದೆ ಅಂತ ಯಾರಿಗೂ ಖಚಿತವಾಗಿ ತಿಳಿಯುವುದಿಲ್ಲ. ಸಣ್ಣ ಬಿರುಕು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಆದ್ದರಿಂದ 'ಉಳಿಸೋದಾ ಕೀಳಿಸೋದಾ' ಅಂತ ಕೇಳಬೇಡಿ. 'ಮೊದಲು ಹುಳುಕು ತೆಗೆದು ನೋಡಿ, ವಸಡಿನ ಮೇಲೆ ಸುತ್ತಲೂ ಗಟ್ಟಿ ಹಲ್ಲು ಎಷ್ಟಿದೆ ಹೇಳಿ' ಅಂತ ಕೇಳಿ. ಸುತ್ತಲೂ 2 ಮಿಲಿಮೀಟರಿನಷ್ಟು ಸಿಕ್ಕಿದರೆ ಕ್ಯಾಪಿಗೆ ಒಳ್ಳೆಯ ಹಿಡಿತ ಸಿಗುತ್ತದೆ. ಸಿಗದಿದ್ದರೆ ಕೆಲವು ಸಲ ವಸಡು ಮತ್ತು ಮೂಳೆಯನ್ನು ಸ್ವಲ್ಪ ಕೆಳಗೆ ಸರಿಸಿ ಹಲ್ಲನ್ನು ಹೊರಗೆ ತರುತ್ತಾರೆ. ಬಿರುಕು ತಳದವರೆಗೆ ಇದೆಯಾ, ಅಳತೆ ಕಡ್ಡಿ ಎಲ್ಲಾದರೂ ಒಂದೇ ಕಡೆ ಆಳಕ್ಕೆ ಹೋಗುತ್ತಿದೆಯಾ, ಇವೆರಡನ್ನೂ ಬಾಯಿಬಿಟ್ಟು ಕೇಳಿ. ಉತ್ತರ ಹೇಳದೆ ಅವಸರ ಮಾಡುವವರ ಹತ್ತಿರ ನಾನಾದರೆ ಮಾಡಿಸಿಕೊಳ್ಳುವುದಿಲ್ಲ.

ಬೇರು ಸೀಳಿದ್ದರೆ, ಹುಳುಕು ಮೂಳೆಯ ಮಟ್ಟಕ್ಕಿಂತ ಕೆಳಗೆ ಇಳಿದಿದ್ದರೆ, ವಸಡಿನ ರೋಗದಿಂದ ಮೂಳೆ ಕರಗಿ ಹಲ್ಲು ಪೂರ್ತಿ ಅಲುಗಾಡುತ್ತಿದ್ದರೆ ಕೀಳಿಸಿ. ಬುದ್ಧಿಹಲ್ಲಾದರೆ ಸಾಮಾನ್ಯವಾಗಿ ಅದಕ್ಕೆ ಇಷ್ಟು ಒದ್ದಾಡಬೇಕಿಲ್ಲ. ಇನ್ನೊಂದು ಮಾತು ಕೆಲವರಿಗೆ ಇಷ್ಟ ಆಗಲಿಕ್ಕಿಲ್ಲ: ಕ್ಯಾಪಿಗೆ ಈಗ ದುಡ್ಡಿಲ್ಲ, ಬೇಗ ಹೊಂದಿಸಲೂ ಆಗುವುದಿಲ್ಲ ಅಂತಿದ್ದರೆ ಅದನ್ನು ಮೊದಲೇ ಡಾಕ್ಟರಿಗೆ ಹೇಳಿ. ಅಲ್ಲಿಯವರೆಗೆ ಗೋಡೆಗಳ ಮೊನೆ ತಗ್ಗಿಸಿ ಮೇಲಿನಿಂದ ಮುಚ್ಚುವ ಗಟ್ಟಿ ಫಿಲ್ಲಿಂಗ್ ಹಾಕಲು ಆಗುತ್ತದೆಯಾ ಅಂತ ಅವರು ನೋಡಬಹುದು. ಅದೂ ಬೇಡ, ಇದೂ ಬೇಡ ಅಂದರೆ ದವಡೆ ಹಲ್ಲಿಗೆ ಬರೀ ರೂಟ್ ಕೆನಾಲ್ ಮಾಡಿಸಿ ಬಿಡುವುದಕ್ಕಿಂತ ಕೀಳಿಸುವುದೇ ವಾಸಿ ಅಂತ ನನ್ನ ಅಭಿಪ್ರಾಯ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಮೂಳೆ ಸವೆತಕ್ಕೋ ಕ್ಯಾನ್ಸರಿಗೋ ಮೂಳೆ ಗಟ್ಟಿ ಮಾಡುವ ಮಾತ್ರೆ, ಇಂಜೆಕ್ಷನ್ ತಗೊಳ್ಳುತ್ತಿದ್ದರೆ, ಅಥವಾ ದವಡೆ ಭಾಗಕ್ಕೆ ರೇಡಿಯೇಶನ್ ಆಗಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಿ. ಅಂಥವರಲ್ಲಿ ಕಿತ್ತ ಜಾಗದ ಮೂಳೆ ಮಾಯದೆ ಹೋಗುವ ಅಪಾಯ ಇರುತ್ತದೆ. ಆಗ ಹಲ್ಲು ಎಷ್ಟೇ ಹಾಳಾಗಿದ್ದರೂ ಉಳಿಸುವ ಕಡೆಗೇ ವಾಲುತ್ತಾರೆ.

ನೋವಿಲ್ಲ ಅಂತ ಕಾಯಬಹುದಾ ಅಂತಲೂ ಕೇಳಿದ್ದೀರಿ. ವಾರಗಟ್ಟಲೆ ಬೇಡ. ಬೇರಿನ ತುದಿಯಲ್ಲಿ ಕಪ್ಪು ನೆರಳಿದೆಯಾ ಅಂತ ಒಂದು ಎಕ್ಸ್‌ರೇ ತೆಗೆಸಿ, ಅಲ್ಲಿಯವರೆಗೆ ಆ ಕಡೆ ಅಗಿಯಬೇಡಿ. ಮುಖ ಊದಿಕೊಂಡು ಜ್ವರ ಬಂದರೆ, ಬಾಯಿ ತೆರೆಯಲು ಆಗದಿದ್ದರೆ, ನುಂಗಲು ಇಲ್ಲವೇ ಉಸಿರಾಡಲು ಕಷ್ಟವಾದರೆ ಹಲ್ಲಿನ ಡಾಕ್ಟರಿಗೂ ಕಾಯದೆ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಉಳಿಸುವುದೇ ಆದರೆ, ರೂಟ್ ಕೆನಾಲಿನ ಮೊದಲ ದಿನವೇ ಕ್ಯಾಪಿನ ಅಳತೆ ತೆಗೆಯುವ ತಾರೀಕನ್ನೂ ಬರೆಸಿಕೊಂಡು ಬನ್ನಿ.