ಎಡಿಟ್ ಮಾಡದಂತೆ ಪಾಸ್‌ವರ್ಡ್ ಹಾಕಿದ್ದರೂ ಫೈಲ್ ತಿದ್ದಿದ್ದು ಹೇಗೆ?

ನೀವು ವರದಿಯೊಂದನ್ನು ಪಿಡಿಎಫ್ ಮಾಡಿ, ಯಾರೂ ತಿದ್ದದ ಹಾಗೆ ಪಾಸ್‌ವರ್ಡ್ ಹಾಕಿ ಹತ್ತಾರು ಜನಕ್ಕೆ ಕಳಿಸಿದ್ದೀರಿ. ಅವರಲ್ಲೊಬ್ಬರು ಪಾಸ್‌ವರ್ಡ್ ಗೊತ್ತಿಲ್ಲದೆಯೇ ಅದನ್ನು ತೆಗೆದುಹಾಕಿ, ಅಂಕಿಗಳನ್ನು ಬದಲಿಸಿ ಮುಂದೆ ಸಾಗಿಸಿದ್ದಾರೆ. ಪಾಸ್‌ವರ್ಡ್ ಚಿಕ್ಕದಾಗಿತ್ತೇನೋ ಅನ್ನುವುದು ನಿಮ್ಮ ಅನುಮಾನ.

ಅದಲ್ಲ ಕಾರಣ. ನಲವತ್ತು ಅಕ್ಷರದ ಪಾಸ್‌ವರ್ಡ್ ಇಟ್ಟಿದ್ದರೂ ಅಷ್ಟೇ ಹೊತ್ತಿನಲ್ಲಿ ಹೋಗುತ್ತಿತ್ತು.

ಪಿಡಿಎಫ್‌ಗೆ ಎರಡು ಬಗೆಯ ಪಾಸ್‌ವರ್ಡ್ ಹಾಕಬಹುದು. ಒಂದು ಫೈಲ್ ತೆರೆಯುವುದಕ್ಕೆ, ಇನ್ನೊಂದು ಪ್ರಿಂಟ್, ಕಾಪಿ, ಎಡಿಟ್‌ಗಳನ್ನು ತಡೆಯುವುದಕ್ಕೆ. ನೀವು ಹಾಕಿದ್ದು ಎರಡನೆಯದು ಮಾತ್ರ. ಅಂದರೆ ಫೈಲನ್ನು ಯಾರು ಬೇಕಾದರೂ ತೆರೆದು ಓದಬಹುದು. ಪಾಸ್‌ವರ್ಡ್ ಹಾಕಿದ ಫೈಲಿನ ಒಳಗಿರುವುದು ಗೂಢಲಿಪಿಯಲ್ಲಿ (ಎನ್‌ಕ್ರಿಪ್ಟ್ ಆಗಿ) ಇರುತ್ತದೆ. ಆದರೂ ಹಾಗೆ ಓದಲು ಬರುತ್ತದೆ ಎಂದರೆ, ಆ ಗೂಢಲಿಪಿ ಬಿಡಿಸುವ ಕೀಲಿ ಅವರ ಕಂಪ್ಯೂಟರಿನ ಕೈಗೆ ಆಗಲೇ ಸಿಕ್ಕಿದೆ ಎಂದೇ ಅರ್ಥ. ಇನ್ನುಳಿಯುವುದು ‘ಇದನ್ನು ತಿದ್ದಬೇಡಿ’ ಎಂದು ಫೈಲಿನೊಳಗೆ ಬರೆದಿಟ್ಟ ಸೂಚನೆಯಷ್ಟೇ. ಅಡೋಬಿ ರೀಡರ್ ಅದನ್ನು ಮರ್ಯಾದೆಯಿಂದ ಪಾಲಿಸುತ್ತದೆ, ಪಾಲಿಸದ ತಂತ್ರಾಂಶಗಳೂ ಬೇಕಾದಷ್ಟಿವೆ.

ವರ್ಡ್‌ನಲ್ಲೂ ಇದೇ ಕಥೆ. ಒಮ್ಮೆ ನನ್ನದೇ ಫೈಲಿಗೆ ‘ರಿಸ್ಟ್ರಿಕ್ಟ್ ಎಡಿಟಿಂಗ್’ ಹಾಕಿ ಪಾಸ್‌ವರ್ಡ್ ಮರೆತು ಕೂತಿದ್ದೆ. ವರ್ಡ್‌ನ ಡಾಕ್‌ಎಕ್ಸ್ ಫೈಲ್ ಅಂದರೆ ಅಸಲಿಗೆ ಹಲವು ಕಡತಗಳನ್ನು ಒಟ್ಟಿಗೆ ಸುತ್ತಿಟ್ಟ ಒಂದು ಜಿಪ್ ಕಟ್ಟು. ಒಂದು ಪ್ರತಿ ಮಾಡಿಕೊಂಡು, ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ಬಿಚ್ಚಿದೆ. ಒಳಗಿದ್ದ ಸೆಟ್ಟಿಂಗ್ಸ್ ಕಡತದಲ್ಲಿ ‘ಡಾಕ್ಯುಮೆಂಟ್ ಪ್ರೊಟೆಕ್ಷನ್’ ಎಂಬ ಒಂದೇ ಒಂದು ಸಾಲು. ಅಳಿಸಿದೆ, ಮತ್ತೆ ಕಟ್ಟಿದೆ, ಬೀಗ ಮಾಯ. ಪಾಸ್‌ವರ್ಡ್ ಇವತ್ತಿಗೂ ನೆನಪಾಗಿಲ್ಲ, ಬೇಕಾಗಿಯೂ ಇಲ್ಲ! ಹಳೆಯ ಎಕ್ಸೆಲ್‌ನಲ್ಲಿ ಹಾಳೆಗೆ ಹಾಕುವ ರಕ್ಷಣೆ ಇನ್ನೂ ತಮಾಷೆಯದು. ಎಕ್ಸೆಲ್ 2010ರವರೆಗೂ ಆ ಪಾಸ್‌ವರ್ಡನ್ನು 16 ಬಿಟ್‌ನ ಪುಟ್ಟ ಸಂಕೇತವಾಗಿ ಕುಗ್ಗಿಸಿ ಇಡುತ್ತಿದ್ದರು. ಹೆಚ್ಚೆಂದರೆ 65,536 ಸಂಕೇತಗಳು. ಹಾಗಾಗಿ ನಿಮ್ಮ ಪಾಸ್‌ವರ್ಡಿಗೆ ಯಾವ ಸಂಬಂಧವೂ ಇಲ್ಲದಿದ್ದರೂ ಅದೇ ಸಂಕೇತ ಬರುವ ಇನ್ನೊಂದು ಪದ ಕೊಟ್ಟರೂ ಹಾಳೆ ತೆರೆದುಕೊಳ್ಳುತ್ತಿತ್ತು.

ಹಾಗಂತ ಈ ನಿರ್ಬಂಧ ಬೇಡವೇ ಬೇಡ ಎನ್ನಲಾರೆ. ಹತ್ತು ಜನ ತುಂಬುವ ಎಕ್ಸೆಲ್ ಹಾಳೆಯಲ್ಲಿ ಯಾರೋ ಕೈತಪ್ಪಿ ಫಾರ್ಮುಲಾ ಅಳಿಸದಿರಲು ಅದು ಬೇಕೇ ಬೇಕು. ಕೈತಪ್ಪಿಗೆ ಸರಿ, ಕೈಚಳಕಕ್ಕಲ್ಲ.

ನಿಜವಾದ ಬೀಗ ಅಂದರೆ ತೆರೆಯಲು ಕೇಳುವ ಪಾಸ್‌ವರ್ಡ್. ವರ್ಡ್‌ನಲ್ಲಿ ಫೈಲ್, ಇನ್ಫೋ, ಪ್ರೊಟೆಕ್ಟ್ ಡಾಕ್ಯುಮೆಂಟ್, ‘ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್’. ಲಿಬ್ರೆ ಆಫೀಸ್‌ನಲ್ಲಿ ‘ಸೇವ್ ಆ್ಯಸ್’ ಕಿಟಕಿಯಲ್ಲೇ ಪಾಸ್‌ವರ್ಡಿಗೊಂದು ಚೌಕ ಇರುತ್ತದೆ. ಇಲ್ಲಿ ಫೈಲಿನ ಒಳಗಿರುವುದೆಲ್ಲ ಗೂಢಲಿಪಿಯಾಗುತ್ತದೆ, ಅಳಿಸುವುದಕ್ಕೆ ಯಾವ ಸಾಲೂ ಸಿಗುವುದಿಲ್ಲ. ವರ್ಡ್ 2013ರ ನಂತರದ ಆವೃತ್ತಿಗಳು ನೀವು ಕೊಟ್ಟ ಪಾಸ್‌ವರ್ಡನ್ನು 1,00,000 ಸಲ ಕಡೆದು ಕೀಲಿ ತಯಾರಿಸುತ್ತವೆ, ಊಹಿಸುವವನ ಒಂದೊಂದು ಪ್ರಯತ್ನವೂ ನಿಧಾನವಾಗಲಿ ಎಂದು. 2003ರ ಕಾಲದ ಹಳೆಯ ಡಾಕ್ ಫೈಲುಗಳನ್ನು ಮಾತ್ರ ನಂಬಬೇಡಿ.

ಪಾಸ್‌ವರ್ಡಿನ ಉದ್ದದ ಪ್ರಶ್ನೆ ಬರುವುದು ಇಲ್ಲಿ. ಬ್ಯಾಂಕಿನ ಆ್ಯಪ್ ಮೂರು ಸಲ ತಪ್ಪಿದರೆ ಬಾಗಿಲು ಮುಚ್ಚುತ್ತದೆ. ಫೈಲಿಗೆ ಅಂಥ ಕಾವಲುಗಾರನಿಲ್ಲ. ಪ್ರತಿ ಸಿಕ್ಕವನು ಹಗಲೂ ರಾತ್ರಿ ಊಹಿಸುತ್ತಾ ಕೂರಬಹುದು. ಹುಟ್ಟಿದ ದಿನಾಂಕ ಇಟ್ಟಿರೋ, ನೂರು ವರ್ಷಕ್ಕೆ ಇರುವುದೇ ಸುಮಾರು 36,500 ದಿನಗಳು. ಕಂಪ್ಯೂಟರಿಗೆ ಅದೊಂದು ಲೆಕ್ಕವೇ ಅಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿ. ಅದನ್ನು ಅದೇ ಮೇಲ್‌ನಲ್ಲಿ ಬರೆದು ಕಳಿಸುವುದು ಬೀಗಕ್ಕೇ ಕೀಲಿಕೈ ಕಟ್ಟಿಟ್ಟಂತೆ, ಫೋನಿನಲ್ಲಿ ಹೇಳಿ. ಇನ್ನೊಂದು, ಇಲ್ಲಿ ‘ಫರ್ಗಾಟ್ ಪಾಸ್‌ವರ್ಡ್’ ಎಂಬ ಗುಂಡಿ ಇಲ್ಲ. ನನ್ನ ಹಾಗೆ ಮರೆತರೆ ಈ ಸಲ ಫೈಲ್ ಹೋದ ಹಾಗೆಯೇ.

ಆದರೆ ನಿಮ್ಮ ತೊಂದರೆಗೆ ಇದೂ ಮದ್ದಲ್ಲ. ನಿಮ್ಮ ವರದಿಯನ್ನು ಎಲ್ಲರೂ ಓದಲೇಬೇಕು. ಓದಲು ಬಿಟ್ಟ ಮೇಲೆ ತಿದ್ದುವುದನ್ನು ತಡೆಯಲಾಗದು. ಏನೂ ಇಲ್ಲವೆಂದರೆ ಕೂತು ಟೈಪ್ ಮಾಡಿಯಾದರೂ ಹೊಸದೊಂದು ಮಾಡಿಯಾರು. ತಿದ್ದಿದ್ದು ಗೊತ್ತಾಗುವಂತೆ ಮಾಡಬಹುದು, ಅಷ್ಟೆ. ಪಿಡಿಎಫ್‌ಗೆ ಡಿಜಿಟಲ್ ಸಹಿ ಹಾಕಿ, ಅಂದರೆ ಫೈಲಿನ ಒಳಗಿರುವುದನ್ನು ನಿಮ್ಮ ಹೆಸರಿನೊಂದಿಗೆ ಬೆಸೆಯುವ ಗಣಿತದ ಮುದ್ರೆ. ಆಮೇಲೆ ಒಂದು ಅಂಕಿ ಬದಲಾದರೂ ರೀಡರ್ ತೆರೆದಾಗ ಸಹಿಯ ಜಾಗದಲ್ಲಿ ಎಚ್ಚರಿಕೆ ಕಾಣುತ್ತದೆ. ಸಹಿಯ ಚಿತ್ರ ಅಂಟಿಸುವುದು ಬೇರೆ, ಇದು ಬೇರೆ, ಗಮನಿಸಿ. ಹೊಸದಾಗಿ ಪಿಡಿಎಫ್ ಮಾಡಿದರೆ ಸಹಿಯೇ ಹಾರಿಹೋಗುತ್ತದಲ್ಲ ಎಂದು ಕೇಳಬಹುದು. ಹೌದು, ಹಾರಿಹೋಗುತ್ತದೆ. ಅದಕ್ಕೇ ವರದಿ ಕಳಿಸುವಾಗಲೇ ‘ನನ್ನ ಡಿಜಿಟಲ್ ಸಹಿ ಇಲ್ಲದ ಪ್ರತಿ ನನ್ನದಲ್ಲ’ ಎಂದು ಎಲ್ಲರಿಗೂ ಬರೆದುಬಿಡಿ.