ಕಾರ್ನೆಗಿ ಮೆಲನ್ನೋ, ಇಲಿನಾಯ್ಸೋ: ತಂಗಿಯನ್ನು ಎಲ್ಲಿಗೆ ಕಳುಹಿಸಲಿ?

ಅಮೆರಿಕದ ಈ ಎರಡು ವಿಶ್ವವಿದ್ಯಾಲಯಗಳಲ್ಲಿ ತಂಗಿಗೆ ಪ್ರವೇಶ ಸಿಕ್ಕಿದೆ, ಯಾವುದಕ್ಕೆ ಕಳುಹಿಸಲಿ ಎಂದು ಕೇಳಿದ್ದೀರಿ. ಇಲಿನಾಯ್ಸಿಗೆ ಕಳುಹಿಸಿ. ಷರತ್ತು ಒಂದೇ: ಅಲ್ಲಿಂದ ಬಂದ ಪತ್ರ ನೀವು ಬರೆದಿರುವ ಹಾಗೆಯೇ, ಕಂಪ್ಯೂಟರ್ ವಿಜ್ಞಾನದ ಎಂ.ಎಸ್. ಪದವಿಗೆ ಅಸಿಸ್ಟೆಂಟ್‌ಶಿಪ್ (ಕೆಲಸಕ್ಕೆ ಪ್ರತಿಯಾಗಿ ಶುಲ್ಕ ಮಾಫಿ, ಸಂಬಳ) ಸಮೇತ ಇರಬೇಕು. ಆ ವಿಶ್ವವಿದ್ಯಾಲಯವಿರುವ ಅರ್ಬಾನಾ-ಶಾಂಪೇನ್‌ನಲ್ಲಿ ಎಂ.ಸಿ.ಎಸ್. ಎಂಬ ಇನ್ನೊಂದು ಪದವಿಯೂ ಇದೆ. ಅದರಲ್ಲಿ ಸಂಶೋಧನಾ ಪ್ರಬಂಧವಿಲ್ಲ, ಖರ್ಚು ಸಾಮಾನ್ಯವಾಗಿ ನಮ್ಮದೇ. ಹೆಸರುಗಳು ಹತ್ತಿರ ಹತ್ತಿರ ಇರುವುದರಿಂದ ಪತ್ರವನ್ನು ಮತ್ತೊಮ್ಮೆ ಓದಿ.

ವಿರಾಜಪೇಟೆಯವರು ಎಂದಿದ್ದೀರಿ; ನಾನೂ ಕೊಡಗಿನವನೇ, ಪೊನ್ನಂಪೇಟೆ ಕಡೆಯವನು. ಆದ್ದರಿಂದ ರ‍್ಯಾಂಕಿಂಗ್ ಬಿಟ್ಟು ನೇರವಾಗಿ ಸಾಲದ ಮಾತಿಗೆ ಬರುತ್ತೇನೆ. ಕಾರ್ನೆಗಿ ಮೆಲನ್‌ನ ಎಂ.ಎಸ್. ಸಾಮಾನ್ಯವಾಗಿ ಮೂರು ಸೆಮಿಸ್ಟರ್‌ಗಳದು. ಶುಲ್ಕ, ಬಾಡಿಗೆ, ಊಟ ಎಲ್ಲ ಸೇರಿದರೆ ಒಂದು ಕೋಟಿ ರೂಪಾಯಿಯ ಆಸುಪಾಸು. ಅಷ್ಟು ಮೊತ್ತಕ್ಕೆ ಬ್ಯಾಂಕು ಆಸ್ತಿ ಅಡಮಾನ ಕೇಳುತ್ತದೆ. ನಿಮಗೆ ಹತ್ತು ಎಕರೆ ಕಾಫಿ ತೋಟವಿದೆ, ಸರಿ. ಆದರೆ ಅದು ಜಮ್ಮಾ ಜಾಗವೇ, ಅಂದರೆ ಇಡೀ ಒಕ್ಕಕ್ಕೆ (ಮನೆತನಕ್ಕೆ) ಸೇರಿದ ವಂಶಪಾರಂಪರ್ಯದ ಭೂಮಿಯೇ? ಪಹಣಿ ಯಾರ ಹೆಸರಿನಲ್ಲಿದೆ? ನಾನು ಓದಲು ಹೊರಟಾಗ ಬ್ಯಾಂಕಿನ ವಕೀಲರು ನಮ್ಮ ಕಡತವನ್ನು ಹಾಗೆಯೇ ಹಿಂದಿರುಗಿಸಿದರು. ಪಹಣಿಯಲ್ಲಿ ಎಂದೋ ತೀರಿಕೊಂಡ ಪಟ್ಟೇದಾರರ (ಒಕ್ಕದ ಹಿರಿಯರ) ಹೆಸರಿತ್ತು. ಸಹಿ ಹಾಕಬೇಕಿದ್ದ ಒಕ್ಕದವರು ಮೈಸೂರು, ದೆಹಲಿ, ಸೇನೆ ಎಂದು ಚದುರಿಹೋಗಿದ್ದರು. ಕೊನೆಗೆ ಮೈಸೂರಿನಲ್ಲಿದ್ದ ಸೋದರಮಾವನ ನಿವೇಶನವನ್ನು ಅಡವಿಟ್ಟೆವು. ಮಾವ ಒಂದು ಮಾತೂ ಆಡಲಿಲ್ಲ; ಅತ್ತೆ ಆಡಿದರು, ಇಂದಿಗೂ ಆಡುತ್ತಾರೆ. ಅಡಮಾನವಿಲ್ಲದೆ ಕೊಡುವ ಹಣಕಾಸು ಸಂಸ್ಥೆಗಳಿವೆ, ಆದರೆ ಅವುಗಳ ಬಡ್ಡಿ ಹೆಚ್ಚು.

ಇನ್ನು ಸಾಲ ತೀರಿಸುವ ಬಗೆ. ಪದವಿಯ ನಂತರ ಅಲ್ಲಿ ಕೆಲಸ ಮಾಡಲು ಈಗಿನ ನಿಯಮದಲ್ಲಿ 12 ತಿಂಗಳು, ಕಂಪ್ಯೂಟರ್ ವಿಜ್ಞಾನ ಓದಿದವರಿಗೆ ಮತ್ತೆ 24 ತಿಂಗಳು ಸಿಗುತ್ತದೆ. ಮುಂದಿನದು ಎಚ್-1ಬಿ ಎಂಬ ಕೆಲಸದ ವೀಸಾದ ಲಾಟರಿ. ಅದರಲ್ಲಿ ಹೆಸರು ಬಾರದೆ ಊರಿಗೆ ಮರಳಿದವರೂ ಕಂತು ಕಟ್ಟಲೇಬೇಕು, ಅದೂ ಬೆಂಗಳೂರಿನ ಸಂಬಳದಲ್ಲಿ. ಅಸಿಸ್ಟೆಂಟ್‌ಶಿಪ್ ಇದ್ದರೆ ಈ ತಲೆನೋವಿನ ಬಹುಪಾಲು ಇಲ್ಲ: ವಾರಕ್ಕೆ ಹೆಚ್ಚೆಂದರೆ 20 ಗಂಟೆ ಬೋಧನೆಯಲ್ಲೋ ಸಂಶೋಧನೆಯಲ್ಲೋ ನೆರವಾಗಬೇಕು, ಪ್ರತಿಯಾಗಿ ಬೋಧನಾ ಶುಲ್ಕ ಮಾಫಿ, ತಿಂಗಳ ಸಂಬಳ.

ಓದಿನ ವಿಷಯದಲ್ಲಿ ತಂಗಿ ಏನಾದರೂ ಕಳೆದುಕೊಳ್ಳುತ್ತಾಳೆಯೇ? ಅವಳಿಗೆ ಕಂಪೈಲರ್ (ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಎಂದರೆ ಹುಚ್ಚು ಎಂದಿದ್ದೀರಿ. ಐಫೋನ್ ಆ್ಯಪ್‌ಗಳನ್ನು ಕಂಪೈಲ್ ಮಾಡಲು ಬಳಸುವ ಎಲ್‌ಎಲ್‌ವಿಎಂ ಹುಟ್ಟಿದ್ದೇ ಇಲಿನಾಯ್ಸಿನಲ್ಲಿ, 2000ರಲ್ಲಿ, ವಿದ್ಯಾರ್ಥಿ ಕ್ರಿಸ್ ಲ್ಯಾಟ್ನರ್ ಮತ್ತು ಪ್ರಾಧ್ಯಾಪಕ ವಿಕ್ರಮ್ ಆಡ್ವೆ ಅವರ ಕೈಯಲ್ಲಿ. ವೆಬ್ಬನ್ನು ಜನಸಾಮಾನ್ಯರಿಗೆ ತಲುಪಿಸಿದ ಮೊಸಾಯಿಕ್ ಬ್ರೌಸರ್ 1993ರಲ್ಲಿ ಹೊರಬಂದದ್ದೂ ಅಲ್ಲಿಂದಲೇ. ಅವಳ ಒಲವು ರೋಬಾಟ್‌ಗಳ ಕಡೆಗಿದ್ದಿದ್ದರೆ ನಾನು ಇಷ್ಟು ಧೈರ್ಯವಾಗಿ ಬರೆಯುತ್ತಿರಲಿಲ್ಲ. ಕಾರ್ನೆಗಿ ಮೆಲನ್‌ನಲ್ಲಿ ಅದಕ್ಕೆಂದೇ 1979ರಿಂದ ಒಂದು ಸಂಸ್ಥೆ ಇದೆ; ಅದರ ಮೊದಲ ನಿರ್ದೇಶಕರು ಆಂಧ್ರದ ಹಳ್ಳಿಯೊಂದರಿಂದ ಹೋಗಿ 1994ರಲ್ಲಿ ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಪಡೆದ ರಾಜ್ ರೆಡ್ಡಿ. ಪ್ರೋಗ್ರಾಮಿಂಗ್ ಭಾಷೆಗಳ ಸಿದ್ಧಾಂತದಲ್ಲೂ ಅಲ್ಲಿನವರು ಗಟ್ಟಿಗರೇ. ಆದರೆ ಕೋಟಿಯ ವ್ಯತ್ಯಾಸವನ್ನು ತುಂಬುವಷ್ಟು ಅಂತರ ಎರಡರ ನಡುವೆ ನನಗೆ ಕಾಣುವುದಿಲ್ಲ.

ಒಂದು ಮಾತು ಮಾತ್ರ ತಂಗಿಗೆ ಮೊದಲೇ ತಿಳಿಸಿಬಿಡಿ. ಕಾರ್ನೆಗಿ ಮೆಲನ್ ಇರುವ ಪಿಟ್ಸ್‌ಬರ್ಗ್‌ನಲ್ಲಿ ಗುಡ್ಡಗಳಿವೆ, ನದಿಗಳಿವೆ. ಅರ್ಬಾನಾ ಎತ್ತ ನೋಡಿದರೂ ಸಮತಟ್ಟು, ಸುತ್ತ ಮೆಕ್ಕೆಜೋಳ ಮತ್ತು ಸೋಯಾ ಹೊಲಗಳು. ಕೊಡಗಿನವರಿಗೆ ಮೊದಲ ಚಳಿಗಾಲ ಬೇಸರ ತರಿಸುತ್ತದೆ.

ಹಣಕಾಸಿನ ನೆರವಿರುವ ಪ್ರವೇಶಕ್ಕೆ ಉತ್ತರ ಕೊಡಲು ಏಪ್ರಿಲ್ 15ರವರೆಗೆ ಸಮಯ ಕೊಡಬೇಕೆಂದು ಅಲ್ಲಿನ ಹೆಚ್ಚಿನ ದೊಡ್ಡ ವಿಶ್ವವಿದ್ಯಾಲಯಗಳು ಒಪ್ಪಿಕೊಂಡಿವೆ. ಅಷ್ಟರೊಳಗೆ ತಂಗಿ ವಿಭಾಗಕ್ಕೆ ಮಿಂಚಂಚೆ ಬರೆದು, ಅಸಿಸ್ಟೆಂಟ್‌ಶಿಪ್ ಮೊದಲ ಸೆಮಿಸ್ಟರ್‌ಗೆ ಮಾತ್ರವೇ ಅಥವಾ ಪದವಿ ಮುಗಿಯುವವರೆಗೂ ಇದೆಯೇ, ಮಾಫಿಯ ಹೊರಗೆ ಉಳಿಯುವ ಶುಲ್ಕವೆಷ್ಟು ಎಂದು ಕೇಳಲಿ. ಒಂದೇ ಸೆಮಿಸ್ಟರ್ ಎಂದರೆ ಆ ಉತ್ತರವನ್ನು ಇಲ್ಲಿ ಹಾಕಿ, ಲೆಕ್ಕವನ್ನು ಹೊಸದಾಗಿ ಮಾಡೋಣ.