ಬೆಂಗಳೂರು–ಫ್ರಾಂಕ್‌ಫರ್ಟ್: ವಿಮಾನಕ್ಕೆ ಹತ್ತು ಗಂಟೆ, ಮನೆಗೆ ಒಂದು ದಿನ

ಜರ್ಮನಿಯಲ್ಲಿ, ಫ್ರಾಂಕ್‌ಫರ್ಟ್ ಹತ್ತಿರದ ಡಾರ್ಮ್‌ಸ್ಟಾಟ್‌ನಲ್ಲಿ ಓದಲು ಸೀಟು ಸಿಕ್ಕಿತು ಅಂತ ಬರೆದಿದ್ದೀಯ, ಸಂತೋಷ ಕಣಮ್ಮ. ಬೆಂಗಳೂರಿಂದ ಎಷ್ಟು ದೂರ, ಎಷ್ಟು ಗಂಟೆ, ಬೇಕಾದಾಗ ಮೈಸೂರಿಗೆ ಹೋಗಿಬರಬಹುದಾ ಅಂತ ಕೇಳಿದ್ದೀಯ. ಬಂದ ಹೊಸತರಲ್ಲಿ ನನ್ನ ತಲೆಯಲ್ಲೂ ಇದೇ ಲೆಕ್ಕ ಓಡುತ್ತಿತ್ತು. ಚಳಿ, ಊಟದ ವಿಚಾರ ಬಿಡು, ಅಭ್ಯಾಸವಾಗುತ್ತದೆ.

ದೂರ ಸುಮಾರು 7,400 ಕಿ.ಮೀ. ನೇರ ವಿಮಾನದಲ್ಲಿ ಬರುವಾಗ ಹತ್ತು ಗಂಟೆ ಚಿಲ್ಲರೆ. ಮರಳುವಾಗ ಪಶ್ಚಿಮದ ಮೇಲ್ಗಾಳಿ ಹಿಂದಿನಿಂದ ದೂಡುವುದರಿಂದ ಒಂದು ಗಂಟೆಯಷ್ಟು ಕಡಿಮೆ. ಇರಾನ್, ಇರಾಕ್ ಆಕಾಶ ಮುಚ್ಚಿದ ದಿನ ಸುತ್ತುದಾರಿ. ದುಬೈ, ದೋಹಾ ಮೇಲೆ ಬಂದರೆ ಹದಿಮೂರರಿಂದ ಹದಿನೆಂಟು ಗಂಟೆ. ಅಗ್ಗ ಅಂತ ಎರಡು ಬೇರೆ ಬೇರೆ ಟಿಕೆಟ್ ಜೋಡಿಸಬೇಡ. ಮೊದಲನೆಯದು ತಡವಾದರೆ ಎರಡನೆಯದರ ದುಡ್ಡು ಹೋದಂತೆಯೇ.

ತಾರೀಖು ನೋಡಿಕೋ. ನೇರ ವಿಮಾನ ಬೆಂಗಳೂರು ಬಿಡುವುದು ನಡುರಾತ್ರಿ ದಾಟಿದ ಮೇಲೆ. ಟಿಕೆಟ್ಟಲ್ಲಿ 15 ಅಂತಿದ್ದರೆ 14ರ ಸಂಜೆಯೇ ಮೈಸೂರು ಬಿಡಬೇಕು. ಫ್ಲೈಬಸ್ಸಿಗೆ ನಾಲ್ಕು ಗಂಟೆ, ಏರ್‌ಪೋರ್ಟಲ್ಲಿ ಮೂರು ಗಂಟೆ ಹಿಡಿ. ಇಲ್ಲಿ ಇಳಿದ ಮೇಲೆ ಡಾರ್ಮ್‌ಸ್ಟಾಟ್‌ಗೆ ಏರ್‌ಲೈನರ್ ಬಸ್ಸಿದೆ, ಅರ್ಧ ಗಂಟೆ.

'ಬೇಕಾದಾಗ' ಅಂದೆಯಲ್ಲ, ಅಲ್ಲಿ ಲೆಕ್ಕ ಬೇರೆ. ಊರಿನ ನೇರ ವಿಮಾನ ಇಲ್ಲಿಂದ ಏಳುವುದು ಮಧ್ಯಾಹ್ನದ ಹೊತ್ತಿಗೆ. ಚಳಿಗಾಲದಲ್ಲಿ ನಾವು ನಾಲ್ಕೂವರೆ ಗಂಟೆ ಹಿಂದೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಮೂರೂವರೆ. ಚಳಿಗಾಲದ ಒಂದು ಬೆಳಿಗ್ಗೆ ಆರಕ್ಕೆ ಮನೆಯಲ್ಲಿ ಏನಾದರೂ ಆಯಿತು ಅಂದುಕೋ, ಇಲ್ಲಿ ರಾತ್ರಿ ಒಂದೂವರೆ. ಆಗಲೇ ಫೋನು ಬಂದರೆ ಅದೇ ಮಧ್ಯಾಹ್ನ ಹೊರಟು ನಡುರಾತ್ರಿಯ ಮೇಲೆ ದೇವನಹಳ್ಳಿಯಲ್ಲಿ ಇಳಿದು ಬೆಳಗಾಗುವಷ್ಟರಲ್ಲಿ ಮೈಸೂರು ಮುಟ್ಟಬಹುದು. ಆದರೆ ನಮ್ಮವರು ಆಗ ಫೋನು ಮಾಡುವುದಿಲ್ಲ. 'ಪಾಪ, ಮಲಗಿರುತ್ತಾಳೆ, ಡಾಕ್ಟರು ಏನಂತಾರೋ ನೋಡೋಣ' ಅಂತ ಮಧ್ಯಾಹ್ನ ಎರಡರ ತನಕ ಎಳೆಯುತ್ತಾರೆ. ಇಲ್ಲಿ ಆಗ ಒಂಬತ್ತೂವರೆ. ಟಿಕೆಟ್ ಕೊಂಡು ಓಡಿದರೂ ನೇರ ವಿಮಾನ ಸಿಗುವುದು ಕಷ್ಟ. ಅವರ ಪ್ರೀತಿಯಿಂದಲೇ ಅರ್ಧ ದಿನ ಹೋಗುತ್ತದೆ. ಹಾಲು-ತುಪ್ಪದ ದಿನ ಹೋಗಿ ನಿಂತವರು ಇಲ್ಲಿ ಪ್ರತಿ ಊರಲ್ಲೂ ಇದ್ದಾರೆ.

ಅದಕ್ಕೇ ಹೊರಡುವ ಮೊದಲು ಒಬ್ಬರಿಗೆ ಹೇಳಿಡು. ಅಮ್ಮನಿಗಲ್ಲ, ಅವರು ಮುಚ್ಚಿಡುತ್ತಾರೆ. ಚಿಕ್ಕಪ್ಪನ ಮಗನೋ ಪಕ್ಕದ ಮನೆಯವರೋ ಆಗಲಿ: ಆಸ್ಪತ್ರೆಗೆ ಸೇರಿಸಿದ ಗಳಿಗೆಯಲ್ಲೇ ಫೋನು ಮಾಡಬೇಕು. ರಾತ್ರಿ ಮೊಬೈಲ್ ಸೈಲೆಂಟ್ ಇದ್ದರೂ ಆ ನಂಬರ್ ಮಾತ್ರ ರಿಂಗ್ ಆಗುವ ಹಾಗೆ ಸೆಟ್ ಮಾಡು. ಅಂತ್ಯಕ್ರಿಯೆಗೆ ಮಗಳು ಬರುವ ತನಕ ಕಾಯುವುದೋ ಬೇಡವೋ, ಅದನ್ನೂ ಅಪ್ಪನ ಹತ್ತಿರ ಕೂತು ಮಾತಾಡಿಬಿಡು. ಬಾಯಿ ಬರುವುದಿಲ್ಲ, ಗೊತ್ತು. ಆದರೂ ಮಾತಾಡು.

ದುಡ್ಡು: ವೀಸಾಕ್ಕಾಗಿ ಮೊದಲೇ ದುಡ್ಡು ಕಟ್ಟಿಡುವ ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗಿಷ್ಟು ಅಂತ ಮಾತ್ರ ಬಿಡುತ್ತಾರೆ. ಆತುರದ ಟಿಕೆಟ್ಟಿಗೆ ಸಾಲದು, ಬೇರೆ ಎತ್ತಿಡು.

ಕಾಗದಪತ್ರ: ವೀಸಾ ಮುಗಿಯುವ ಮೊದಲೇ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕು. ಕಾರ್ಡು ಬರುವುದು ತಡವಾದರೆ ಫಿಕ್ಷನ್ಸ್‌ಬೆಶೈನಿಗುಂಗ್ ಅನ್ನುವ ತಾತ್ಕಾಲಿಕ ಪತ್ರ ಕೊಡುತ್ತಾರೆ. ಅದರಲ್ಲಿ ಇಲ್ಲಿನ ವಾಸದ ಕಾನೂನಿನ ಕಲಂ 81ರ ಉಪಕಲಂ 4ರ ಚೌಕಕ್ಕೆ ಗುರುತು ಬಿದ್ದಿದ್ದರೆ ಊರಿಗೆ ಹೋಗಿ ವಾಪಸ್ ಬರಬಹುದು. ಉಪಕಲಂ 3 ಆದರೆ ಅದೊಂದನ್ನೇ ಹಿಡಿದು ಒಳಗೆ ಬರಲಾಗದು. ಕೌಂಟರಿನಲ್ಲೇ ಓದಿ ನೋಡು, ತಪ್ಪಿದ್ದರೆ ಅಲ್ಲೇ ಕೇಳು.